ಪಂದ್ಯ ಹೆಚ್ಚಿದರೆ ಪ್ರೇಕ್ಷಕರೂ ಹೆಚ್ಚುತ್ತಾರೆಯೇ?

ಚನ್ನರಾಯಪಟ್ಟಣ, ಹೊಳೆನರಸೀಪುರ, ಅರಕಲಗೂಡು ಕಡೆಯ ಯಾವ ಊರಲ್ಲಾದರೂ ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿ ಎಂದರೆ ಜನಕ್ಕೆ ಬರವಿಲ್ಲ. ಹದ ಮಾಡಿ ನೀರು ಚಿಮುಕಿಸಿದ ಮಣ್ಣಿನ ಅಂಕಣ, ಸುತ್ತ ಫೋಕಸ್ ಲೈಟು, ಮೈಕಿನಲ್ಲಿ ಬಿಡುವಿಲ್ಲದ ವಿವರಣೆ. ಸೋತ ತಂಡ ಊರಿನ ದಾರಿ ಹಿಡಿಯಬೇಕು. ಫೈನಲ್ಲಿಗೆ ಬೆಳಗಿನ ಜಾವವಾದರೂ ಜನ ಕದಲುವುದಿಲ್ಲ. ಅದೇ ಆಟ ಟಿವಿಯಲ್ಲಿ ಮೂರು ತಿಂಗಳು ಬಂದರೆ ನೋಡುವವರಲ್ಲಿ ಆ ಆತುರ ಕೊನೆಯವರೆಗೆ ಉಳಿಯುವುದು ಕಷ್ಟ. ಇದು ಏಕೆ ಎಂಬುದಕ್ಕೆ ಕ್ರೀಡಾ ಅರ್ಥಶಾಸ್ತ್ರದಲ್ಲಿ ಉತ್ತರವಿದೆ.

ಪ್ರೊ ಕಬಡ್ಡಿ ಲೀಗ್ 2014ರ ಜುಲೈ 26ರಂದು ಶುರುವಾದಾಗ ಇದ್ದದ್ದು 8 ತಂಡ, 60 ಪಂದ್ಯ. ಐದು ವಾರಗಳಲ್ಲಿ ಎಲ್ಲ ಮುಗಿಯಿತು. 2017ರಲ್ಲಿ ತಂಡಗಳು 12 ಆದವು, ಪಂದ್ಯಗಳು 138ಕ್ಕೇರಿದವು, ಅವಧಿ ಮೂರು ತಿಂಗಳಾಯಿತು. ಲೀಗ್ ಹಂತದಲ್ಲಿ ತಂಡವೊಂದಕ್ಕೆ 14 ಇದ್ದ ಪಂದ್ಯ 22 ಆಯಿತು. 14ರಲ್ಲಿ ಒಂದು ಪಂದ್ಯದ ತೂಕ ಶೇಕಡಾ 7; 22ರಲ್ಲಿ ಶೇಕಡಾ 4.5. ಮೊದಲ ಕಾರಣ ಇದೇ: ಪಂದ್ಯ ಹೆಚ್ಚಿದಷ್ಟೂ ಒಂದೊಂದು ಪಂದ್ಯದ ಬೆಲೆ ಇಳಿಯುತ್ತದೆ.

ಅಮೆರಿಕದಲ್ಲಿ ಇದು ಎದ್ದು ಕಾಣುತ್ತದೆ. ಅಲ್ಲಿನ ಮೇಜರ್ ಲೀಗ್ ಬೇಸ್‌ಬಾಲಿನಲ್ಲಿ ತಂಡವೊಂದು 162 ಪಂದ್ಯ ಆಡುತ್ತದೆ. ಎನ್‌ಎಫ್‌ಎಲ್ ಎಂಬ ಅಮೆರಿಕನ್ ಫುಟ್‌ಬಾಲ್ ಲೀಗಿನಲ್ಲಿ 17 ಮಾತ್ರ. ಬೇಸ್‌ಬಾಲ್ ಪಂದ್ಯವೊಂದಕ್ಕೆ ಸರಾಸರಿ ಸುಮಾರು 30 ಸಾವಿರ ಜನ, ಫುಟ್‌ಬಾಲಿಗೆ 65 ಸಾವಿರಕ್ಕೂ ಹೆಚ್ಚು. ಆದರೆ ಇಡೀ ಸೀಸನ್ನಿನ ಲೆಕ್ಕ ತಿರುಗುಮುರುಗು: ಬೇಸ್‌ಬಾಲಿಗೆ ಸುಮಾರು 7 ಕೋಟಿ, ಫುಟ್‌ಬಾಲಿಗೆ 2 ಕೋಟಿಗೂ ಕಡಿಮೆ. ಆಟ ಬೇರೆ, ಕ್ರೀಡಾಂಗಣಗಳ ಅಳತೆಯೂ ಬೇರೆ, ನಿಜ. ಆದರೂ ಉದ್ದದ ಸೀಸನ್ ಒಟ್ಟು ಪ್ರೇಕ್ಷಕರ ಸಂಖ್ಯೆಯನ್ನು ಹಿಗ್ಗಿಸಿ ಒಂದು ಪಂದ್ಯದ ಸೆಳೆತವನ್ನು ಕುಗ್ಗಿಸುವ ಬಗೆ ಇಲ್ಲಿ ತಿಳಿಯುತ್ತದೆ.

ಎರಡನೆಯ ಕಾರಣ ಕುತೂಹಲ. ಯಾರು ಗೆಲ್ಲುತ್ತಾರೆಂದು ಮೊದಲೇ ಗೊತ್ತಿದ್ದರೆ ಟಿಕೆಟ್ಟಿಗೆ ಗಿರಾಕಿ ಕಡಿಮೆ ಎಂಬ ವಾದವನ್ನು ಅರ್ಥಶಾಸ್ತ್ರಜ್ಞ ಸೈಮನ್ ರೊಟೆನ್‌ಬರ್ಗ್ 1956ರಲ್ಲೇ ಮಂಡಿಸಿದರು. ಪಂದ್ಯ ಹೆಚ್ಚಿದಷ್ಟೂ ಫಲಿತಾಂಶ ಊಹಿಸುವುದು ಸುಲಭ ಎಂಬುದಕ್ಕೆ ಗಣಿತದ ಬೆಂಬಲವಿದೆ. ಪ್ರತಿ ಪಂದ್ಯದಲ್ಲೂ ಗೆಲ್ಲುವ ಸಾಧ್ಯತೆ ಶೇಕಡಾ 60 ಇರುವ ಬಲಿಷ್ಠ ತಂಡವೊಂದನ್ನು ತೆಗೆದುಕೊಳ್ಳಿ. 16 ತಂಡಗಳ ನಾಕೌಟ್‌ನಲ್ಲಿ ಅದು ಸತತ ನಾಲ್ಕು ಪಂದ್ಯ ಗೆದ್ದು ಕಪ್ ಎತ್ತುವ ಸಾಧ್ಯತೆ ಶೇಕಡಾ 13 ಮಾತ್ರ. ಅದೇ ತಂಡ 21 ಪಂದ್ಯ ಆಡಿದರೆ ಅರ್ಧಕ್ಕಿಂತ ಹೆಚ್ಚು ಗೆಲ್ಲುವ ಸಾಧ್ಯತೆ ಶೇಕಡಾ 82ಕ್ಕೂ ಮಿಗಿಲು. ಪಂದ್ಯ ಹೆಚ್ಚಿದಷ್ಟು ಅದೃಷ್ಟದ ಪಾಲು ತಗ್ಗಿ ನಿಜವಾದ ಬಲ ಮೇಲೆ ಬರುತ್ತದೆ. ಆಟಗಾರರಿಗೆ ಅದು ನ್ಯಾಯ. ನೋಡುವವರಿಗೆ ಮಾತ್ರ ಫಲಿತಾಂಶ ಬೇಗ ಗೊತ್ತಾಗಿಬಿಡುತ್ತದೆ. ಹಿಂದೆ ಬಿದ್ದ ತಂಡಗಳ ಕೊನೆಯ ಪಂದ್ಯಗಳು ಬರೀ ಲೆಕ್ಕಕ್ಕೆ ಉಳಿಯುತ್ತವೆ.

ಒಟ್ಟು ಪ್ರೇಕ್ಷಕರ ಸಂಖ್ಯೆ, ಒಂದೊಂದು ಪಂದ್ಯದ ಸೆಳೆತ: ಈ ಎರಡರ ನಡುವೆ ಹದ ಹುಡುಕುವುದೇ ಸಂಘಟಕರ ಜಾಣ್ಮೆ. ಐಪಿಎಲ್ 10 ತಂಡ, 74 ಪಂದ್ಯಗಳಿಗೆ ಬೆಳೆದರೂ ಆರ್‌ಸಿಬಿಯಂಥ ತಂಡಕ್ಕೆ ಲೀಗ್ ಹಂತದಲ್ಲಿ 2008ರಲ್ಲೂ 14 ಪಂದ್ಯ, 2025ರಲ್ಲೂ 14. ಪ್ರೊ ಕಬಡ್ಡಿಯೂ 2025ರಲ್ಲಿ ಮನಸ್ಸು ಬದಲಿಸಿತು. ತಂಡಕ್ಕೆ 22 ಇದ್ದ ಲೀಗ್ ಪಂದ್ಯ 18ಕ್ಕಿಳಿಯಿತು, ಸೀಸನ್ ಸುಮಾರು ಎರಡು ತಿಂಗಳಲ್ಲಿ ಮುಗಿಯಿತು. ಸಮಬಲವಾದರೆ ಟೈ ಬ್ರೇಕರ್. ಎಂಟನೇ ಸ್ಥಾನದ ತಂಡಕ್ಕೂ ಮುಂದಿನ ಹಂತದ ಬಾಗಿಲು ತೆರೆದದ್ದರಿಂದ ಕೊನೆಯ ವಾರದವರೆಗೂ ಹೆಚ್ಚು ತಂಡಗಳಿಗೆ ಆಸೆ ಉಳಿಯಿತು. ಕಬಡ್ಡಿಯೊಳಗೇ ಇದರ ಪಾಠವಿದೆ: ತಂಡದ ಸತತ ಎರಡು ರೈಡ್ ಅಂಕವಿಲ್ಲದೆ ಖಾಲಿಯಾದ ಮೇಲೆ ಬರುವ ‘ಡೂ ಆರ್ ಡೈ’ ರೈಡಿಗೆ ಜನ ಎದ್ದು ನಿಲ್ಲುತ್ತಾರೆ, ಏಕೆಂದರೆ ಆ 30 ಸೆಕೆಂಡಿನಲ್ಲಿ ಅಂಕ ತರಲೇಬೇಕು, ಇಲ್ಲವೇ ಔಟ್.

ನಮ್ಮ ಹಾಸನ ಜಿಲ್ಲೆಯಲ್ಲಿ ಜನರ ಬಿಡುವಿನ ಲೆಕ್ಕವೂ ಸೇರುತ್ತದೆ. ಹಾಸನದ ಕಡೆ ಆಲೂಗಡ್ಡೆ ಕೀಳುವ ದಿನ, ಅರಕಲಗೂಡಿನಲ್ಲಿ ಹೊಗೆಸೊಪ್ಪು ಬೇಯಿಸುವ ದಿನ, ಚನ್ನರಾಯಪಟ್ಟಣದಲ್ಲಿ ರಾಗಿ ಕೊಯ್ಲಿನ ದಿನಗಳಲ್ಲಿ ಪಂದ್ಯ ಇಟ್ಟರೆ ಆಟ ಎಷ್ಟೇ ಚೆನ್ನಾಗಿದ್ದರೂ ನೋಡುವವರು ಹೊಲದಲ್ಲಿರುತ್ತಾರೆ. ಮಾರ್ಚ್ ಬಂತೆಂದರೆ ಮಕ್ಕಳಿಗೆ ಪರೀಕ್ಷೆ.

ನಾಳೆ ಯಾರಾದರೂ ಹಾಸನವೂ ಸೇರಿ ಈ ನಾಲ್ಕು ತಾಲ್ಲೂಕುಗಳ ತಂಡಗಳನ್ನು ಒಟ್ಟುಗೂಡಿಸಿ ಹಾಸನದಲ್ಲಿ ಲೀಗ್ ನಡೆಸುವುದಾದರೆ ಒಂದು ಮನವಿ: ಸುಗ್ಗಿ ಮುಗಿದ ಮೇಲೆ, ಪರೀಕ್ಷೆಗೆ ಮೊದಲು, ಕೆಲವೇ ವಾರಗಳಲ್ಲಿ ಮುಗಿಸಿ. ಪಂದ್ಯ ಕಡಿಮೆಯಿರಲಿ, ಒಂದೊಂದೂ ಗೆಲ್ಲಲೇಬೇಕಾದ ಪಂದ್ಯವಾಗಿರಲಿ. ಜನ ತಾವಾಗಿಯೇ ಬರುತ್ತಾರೆ.