ಮೇಲಿನ ದಾರಿ, ಕೆಳಗಿನ ಮನೆಗಳು

ಡಿಸೆಂಬರ್ 10 ಲೊರೆಟೊ ಮಾತೆಯ ಸ್ಮರಣೆಯ ದಿನ. ನಜರೇತಿನ ಪವಿತ್ರ ಗೃಹವನ್ನು ದೇವದೂತರು ಆಕಾಶಮಾರ್ಗವಾಗಿ ಹೊತ್ತು ತಂದು 1294ರಲ್ಲಿ ಇಟಲಿಯ ಲೊರೆಟೊದಲ್ಲಿ ಇಳಿಸಿದರೆಂಬುದು ಧರ್ಮಸಭೆಯಲ್ಲಿ ಬೆಳೆದು ಬಂದ ನಂಬಿಕೆ. ಆ ನಂಬಿಕೆಯ ಆಧಾರದ ಮೇಲೆಯೇ ಜಗದ್ಗುರು ಹದಿನೈದನೆಯ ಬೆನೆಡಿಕ್ಟರು 1920ರ ಮಾರ್ಚ್ 24ರಂದು ಈ ಮಾತೆಯನ್ನು ವಿಮಾನಯಾನಿಗಳ ಪಾಲಕಿಯೆಂದು ಸಾರಿದರು. 2019ರಲ್ಲಿ ಜಗದ್ಗುರು ಫ್ರಾನ್ಸಿಸರು ಈ ಸ್ಮರಣೆಯನ್ನು ಸಾರ್ವತ್ರಿಕ ಪೂಜಾ ಪಂಚಾಂಗಕ್ಕೆ ಸೇರಿಸಿದರು. ಇಲ್ಲಿ ನಮ್ಮ ಗಮನವನ್ನು ಸೆಳೆದ ಸಂಗತಿಯೊಂದಿದೆ. ಆ ಕಥೆಯಲ್ಲಿ ಹಾರಿದ್ದು ರಥವಲ್ಲ, ಮನೆ. ತಾಯಿ, ತಂದೆ, ಮಗು ಕೂಡಿ ಪ್ರಾರ್ಥಿಸಿದ ಮನೆ. ವಿಮಾನದಲ್ಲಿ ಕುಳಿತವರನ್ನು ಆಕೆಯ ರಕ್ಷಣೆಗೆ ಒಪ್ಪಿಸುವ ನಾವು, ವಿಮಾನದ ಕೆಳಗಿನ ಮನೆಗಳಲ್ಲಿ ಮಲಗಿದವರನ್ನು ನೆನೆಯುವುದು ಅಪರೂಪ.

ಜೊಯಿಡಾ, ಮುಂಡಗೋಡಗಳ ಓದುಗರಿಗೆ ಇದು ದೂರದ ಮಾತೆಂದು ತೋರಬಹುದು. ನಮ್ಮಲ್ಲಿ ಸದ್ದೆಂದರೆ ಬೇರೆಯೇ. ದಾಂಡೇಲಿಯವರು 1959ರಿಂದ ಕಾಗದದ ಕಾರ್ಖಾನೆಯ ಸದ್ದಿನೊಡನೆ ಬಾಳಿದ್ದಾರೆ. ಕ್ಯಾಸಲ್‌ರಾಕ್ ಬದಿಯವರಿಗೆ ಘಟ್ಟವೇರುವ ಗೂಡ್ಸ್ ಗಾಡಿಯ ಏದುಸಿರು ಪರಿಚಿತ. ಉಳಿದಂತೆ ಸಂಜೆಯ ತ್ರಿಕಾಲ ಪ್ರಾರ್ಥನೆಯ ಗಂಟೆ, ಮಳೆಗಾಲದ ಕಪ್ಪೆಗಳು, ಕಾಡಂಚಿನಲ್ಲಿ ರೆಕ್ಕೆ ಬಡಿಯುತ್ತ ಹೋಗುವ ಮಂಗಟ್ಟೆ ಹಕ್ಕಿ. ಆದರೆ ನಮ್ಮ ಧರ್ಮಕೇಂದ್ರಗಳ ಯಾವ ಕುಟುಂಬದಲ್ಲಿ ಬೆಂಗಳೂರಿನಲ್ಲಿಯೋ ಮುಂಬಯಿಯಲ್ಲಿಯೋ ನೆಲೆಸಿದ ಒಬ್ಬ ಮಗ, ಒಬ್ಬ ಮಗಳು ಇಲ್ಲ? ಅವರಿಗೆ ಕೈಗೆಟುಕುವ ಬಾಡಿಗೆಯ ಮನೆ ಎಲ್ಲಿ ಸಿಗುತ್ತದೆಂಬುದೂ ಎಲ್ಲರಿಗೂ ತಿಳಿದದ್ದೇ.

ಹಳಿಯಾಳದ ಕಡೆಯ ಒಬ್ಬ ಅಜ್ಜಿ, ಮುಂಬಯಿಯ ಕುರ್ಲಾ ಬದಿಯಲ್ಲಿರುವ ಮಗನ ಮನೆಯಲ್ಲಿ ಮೂರು ತಿಂಗಳು ಇದ್ದು ಬಂದವರು, ನಮ್ಮೊಡನೆ ಆಡಿದ ಮಾತು ಇದು: "ಜಪಸರ ಹಿಡಿದು ಕೂತರೆ ಅರ್ಧ ನಮೋ ಮರಿಯಾ ಆಗುವಷ್ಟರಲ್ಲಿ ವಿಮಾನ ಬರ್ತದೆ. ಮೊದಮೊದಲು ನಿಲ್ಲಿಸಿ ಕಾಯ್ತಿದ್ದೆ. ಆಮೇಲೆ ಮೊಮ್ಮಗಳು ಹೇಳಿದಳು, ಅಜ್ಜಿ, ನಿಲ್ಲಿಸಬೇಡ, ಹಾಗೆ ಕಾದರೆ ಐದು ರಹಸ್ಯ ಮುಗಿಯೋದು ಯಾವಾಗ ಅಂತ." ಆ ಮೊಮ್ಮಗಳಿಗೆ ಕಾಯುವ ಅಗತ್ಯವೇ ಇರಲಿಲ್ಲ; ಆಕೆ ಹುಟ್ಟಿದ್ದೇ ಆ ಸದ್ದಿನೊಳಗೆ. ಅಜ್ಜಿಯನ್ನು ನೋಯಿಸಿದ್ದೂ ಅದೇ.

ಮುಂಬಯಿಯ ಅಂತರರಾಷ್ಟ್ರೀಯ ನಿಲ್ದಾಣವನ್ನು ಜನರು ಬಹುಕಾಲ "ಸಹಾರ್" ಎಂದೇ ಕರೆದರು. ಸಹಾರ್ ಎಂಬುದು ಮೊದಲು ಒಂದು ಹಳ್ಳಿಯ ಹೆಸರು. ಆರೋಗ್ಯ ಮಾತೆಯ ದೇವಾಲಯವುಳ್ಳ ಕ್ರೈಸ್ತರ ಹಳ್ಳಿ. ಹಳ್ಳಿಯ ಹೆಸರು ಜಗತ್ತಿನ ಟಿಕೆಟ್ಟುಗಳ ಮೇಲೆ ಮುದ್ರಿತವಾಯಿತು, ಹಳ್ಳಿಗರ ಪಾಲಿಗೆ ಸದ್ದು ಉಳಿಯಿತು.

ಬೆಂಗಳೂರಿನ ಕಥೆ ಇನ್ನೂ ಬೋಧಪ್ರದವಾಗಿದೆ. ಅಲ್ಲಿ ವಿಮಾನಗಳ ದಾರಿ ಒಂದೇ ರಾತ್ರಿಯಲ್ಲಿ ಬದಲಾಯಿತು. 2008ರ ಮೇ 24ರಂದು ದೇವನಹಳ್ಳಿಯ ಹೊಸ ನಿಲ್ದಾಣ ಕಾರ್ಯಾರಂಭ ಮಾಡಿದಾಗ ಎಚ್‌.ಎ.ಎಲ್. ನಿಲ್ದಾಣದ ಪ್ರಯಾಣಿಕ ವಿಮಾನಗಳು ನಿಂತವು. ಅಲ್ಲಿಯವರೆಗೆ ದೊಮ್ಮಲೂರು, ಕೋಡಿಹಳ್ಳಿ, ಮುರುಗೇಶಪಾಳ್ಯಗಳ ಮಾಳಿಗೆಗಳ ಮೇಲೆ ಒಣಗಲು ಹಾಕಿದ ಬಟ್ಟೆ ನಡುಗುವಷ್ಟು ಕೆಳಗೆ ವಿಮಾನಗಳು ಇಳಿಯುತ್ತಿದ್ದವು. ಸೈನ್ಯದ ವಿಮಾನಗಳು, ಪರೀಕ್ಷಾ ಹಾರಾಟಗಳು, ಗಣ್ಯರ ಖಾಸಗಿ ವಿಮಾನಗಳು ಈಗಲೂ ಅಲ್ಲಿ ಇಳಿಯುತ್ತವೆ. ಆದರೆ ಎಡೆಬಿಡದ ಆ ಸಾಲು ಹೋಯಿತು. ಪಾಳ್ಯದ ಜನ ನಿದ್ರಿಸಿದರು, ದೇವನಹಳ್ಳಿಯ ಹೊಲಗಳ ನಡುವಿನ ಹಳ್ಳಿಗಳು ಎಚ್ಚರಗೊಂಡವು. 2019ರ ಡಿಸೆಂಬರಿನಲ್ಲಿ ಎರಡನೆಯ ಓಡುಹಾದಿ ತೆರೆದ ಮೇಲೆ ಮತ್ತಷ್ಟು ಮನೆಗಳು ಆ ಸಾಲಿನ ಕೆಳಗೆ ಬಂದವು. ಹೊಸ ನಿಲ್ದಾಣ ದೂರವೆಂದು ಪೇಟೆಯವರು ಗೊಣಗಿದ್ದು ಪತ್ರಿಕೆಗಳಲ್ಲಿ ಬೇಕಾದಷ್ಟು ಬಂದಿತು. ಹಳೆಯದನ್ನೇ ಮತ್ತೆ ತೆರೆಯಬೇಕೆಂಬ ಕೂಗೂ ಆಗಾಗ ಏಳುತ್ತದೆ. ಆ ಕೂಗಿನಲ್ಲಿ ಮುರುಗೇಶಪಾಳ್ಯದ ನಿದ್ರೆಯ ಲೆಕ್ಕವನ್ನು ಯಾರೂ ಹಿಡಿಯುವುದಿಲ್ಲ.

ಈ ದಾರಿಗಳು ಹೇಗೆ ನಿರ್ಧಾರವಾಗುತ್ತವೆ? ವಿಮಾನವು ಗಾಳಿಗೆ ಎದುರಾಗಿ ಏರಬೇಕು, ಎದುರಾಗಿಯೇ ಇಳಿಯಬೇಕು. ಬೆಂಗಳೂರಿನ ಓಡುಹಾದಿಗಳು ಪೂರ್ವಪಶ್ಚಿಮವಾಗಿವೆ. ಮುಂಗಾರಿನ ಪಡುವಣ ಗಾಳಿ ಬೀಸುವಾಗ ಪೂರ್ವದ ಹಳ್ಳಿಗಳ ಮೇಲೆ ಇಳಿಯುತ್ತವೆ, ಪಶ್ಚಿಮದವರ ಮೇಲೆ ಏರುತ್ತವೆ. ಮೂಡಣ ಗಾಳಿಯ ಕಾಲದಲ್ಲಿ ಇದು ತಿರುವುಮುರುವು. ಇಳಿಯುವ ವಿಮಾನ ಸಾಮಾನ್ಯವಾಗಿ ಮೂರು ಡಿಗ್ರಿಯ ಇಳಿಜಾರಿನಲ್ಲಿ ಬರುತ್ತದೆ. ಅಂದರೆ ನೆಲ ಮುಟ್ಟುವ ಸ್ಥಳದಿಂದ ಐದು ಕಿಲೋಮೀಟರ್ ದೂರದ ಮನೆಯ ಮೇಲೆ ಅದರ ಎತ್ತರ ಸುಮಾರು 260 ಮೀಟರ್ ಮಾತ್ರ. ಗಾಳಿಯನ್ನು ಯಾರೂ ಬದಲಿಸಲಾಗದು, ನಿಜ. ಆದರೆ ಆ ಕೊನೆಯ ಇಳಿಜಾರನ್ನು ಸೇರುವ ಮೊದಲು, ಅಥವಾ ಏರಿದ ಮೇಲೆ, ಯಾವ ಬಡಾವಣೆಯ ಮೇಲೆ ತಿರುಗಬೇಕೆಂಬುದನ್ನು ಗಾಳಿ ಹೇಳುವುದಿಲ್ಲ. ಕಚೇರಿಯಲ್ಲಿ ನಕ್ಷೆಯ ಮುಂದೆ ಕುಳಿತ ಮನುಷ್ಯರು ಹೇಳುತ್ತಾರೆ.

ಹಿಂದೆ ಈ ದಾರಿಗಳು ಗೋಮಾಳದಲ್ಲಿ ದನಗಳು ಹೋದಂತೆ ತುಸು ಹರಡಿಕೊಂಡಿದ್ದವು. ಈಗ ಉಪಗ್ರಹಗಳ ನೆರವಿನಿಂದ ಎಲ್ಲ ವಿಮಾನಗಳೂ ಒಂದೇ ಕಾಲುದಾರಿಯಲ್ಲಿ ಹೆಜ್ಜೆಯ ಮೇಲೆ ಹೆಜ್ಜೆಯಿಟ್ಟು ಸಾಗುತ್ತವೆ. ಇಂಧನ ಉಳಿಯುತ್ತದೆ, ಸುರಕ್ಷತೆಯೂ ಹೆಚ್ಚುತ್ತದೆ, ಬಹು ಮನೆಗಳಿಗೆ ಸದ್ದು ಕಡಿಮೆಯಾಗುತ್ತದೆ. ಆ ಕಾಲುದಾರಿಯ ಕೆಳಗೇ ಇರುವವರ ಪಾಲಿಗೆ ಮಾತ್ರ ಎಲ್ಲರ ಸದ್ದೂ ಸೇರಿ ಬೀಳುತ್ತದೆ. ಅಮೆರಿಕದ ಫೀನಿಕ್ಸ್ ನಗರದಲ್ಲಿ 2014ರ ಸೆಪ್ಟೆಂಬರ್ 18ರಂದು ಹೀಗೆಯೇ ಆಯಿತು. ಹಳೆಯ ಬಡಾವಣೆಗಳ ಜನ ಬೆಳಗಾಗುತ್ತಲೇ ತಲೆಯ ಮೇಲೆ ಹೊಸ ಹೆದ್ದಾರಿಯನ್ನು ಕಂಡರು. ನಗರಸಭೆಯೂ ನಿವಾಸಿಗಳೂ ನ್ಯಾಯಾಲಯಕ್ಕೆ ಹೋದರು. 2017ರ ಆಗಸ್ಟಿನಲ್ಲಿ ತೀರ್ಪು ಅವರ ಪರವಾಗಿ ಬಂತು. ವಿಮಾನಯಾನ ಇಲಾಖೆಯವರು ಮಾತನಾಡಿದ್ದು ನಗರದ ನಿಲ್ದಾಣ ವಿಭಾಗದ ಕೆಳಹಂತದ ನೌಕರರೊಡನೆ. ನಗರದ ಹೊಣೆ ಹೊತ್ತವರೊಡನಾಗಲಿ, ಆ ಮನೆಗಳವರೊಡನಾಗಲಿ ಅಲ್ಲ ಎಂಬುದನ್ನು ನ್ಯಾಯಾಲಯ ಎತ್ತಿ ತೋರಿಸಿತು.

"ರೂಢಿಯಾದರೆ ಸರಿಹೋಗುತ್ತದೆ" ಎನ್ನುವವರು ನಮ್ಮಲ್ಲಿಯೂ ಇದ್ದಾರೆ. ಅವರು ಜರ್ಮನಿಯ ಮ್ಯೂನಿಕ್ ನಗರದಲ್ಲಿ ನಡೆದ ಪರೀಕ್ಷೆಯನ್ನು ಅರಿಯಬೇಕು. ಅಲ್ಲಿ 1992ರ ಮೇ ತಿಂಗಳಲ್ಲಿ, ನಮ್ಮ ಬೆಂಗಳೂರಿನಂತೆಯೇ, ಹಳೆಯ ನಿಲ್ದಾಣ ಮುಚ್ಚಿ ಊರಾಚೆ ಹೊಸದು ತೆರೆಯಿತು. ಸಂಶೋಧಕರು ಆ ಮೊದಲೇ ಎರಡೂ ಕಡೆಯ ಶಾಲಾಮಕ್ಕಳನ್ನು ಪರೀಕ್ಷಿಸಿದ್ದರು, ಅನಂತರವೂ ಪರೀಕ್ಷಿಸಿದರು. ಹೊಸ ನಿಲ್ದಾಣದ ಬಳಿಯ ಮಕ್ಕಳ ಓದುವ ಶಕ್ತಿಯೂ ನೆನಪಿನ ಶಕ್ತಿಯೂ ಕುಗ್ಗಿದ್ದವು. ಹಳೆಯ ನಿಲ್ದಾಣದ ಬಳಿಯ ಮಕ್ಕಳು, ಸದ್ದು ನಿಂತ ಮೇಲೆ, ಕಳೆದುಕೊಂಡದ್ದನ್ನು ಮರಳಿ ಪಡೆದಿದ್ದರು. ಕುರ್ಲಾದ ಆ ಮೊಮ್ಮಗಳು ಸದ್ದಿಗೆ ಹೊಂದಿಕೊಂಡಿದ್ದಾಳೆ, ಸರಿಯೇ. ಹೊಂದಿಕೊಳ್ಳಲು ಏನನ್ನು ತೆತ್ತಿದ್ದಾಳೆಂಬುದನ್ನು ಆಕೆಯೂ ಅರಿಯಳು, ಮನೆಯವರೂ ಅರಿಯರು. ವಿಶ್ವ ಆರೋಗ್ಯ ಸಂಸ್ಥೆಯು 2018ರಲ್ಲಿ ಯುರೋಪಿಗಾಗಿ ಹೊರಡಿಸಿದ ಮಾರ್ಗಸೂಚಿಯಲ್ಲಿ ವಿಮಾನದ ಸದ್ದು ದಿನದ ಒಟ್ಟು ಸರಾಸರಿಯಲ್ಲಿ 45 ಡೆಸಿಬೆಲ್, ರಾತ್ರಿಯಲ್ಲಿ 40 ಡೆಸಿಬೆಲ್ ಮೀರಬಾರದೆಂದು ಸಲಹೆಯಿತ್ತಿದೆ.

ನಮ್ಮ ದೇಶದ ಲೆಕ್ಕ ಬೇರೆ. 2000ದ ಶಬ್ದಮಾಲಿನ್ಯ ನಿಯಮಗಳಂತೆ ವಾಸದ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ. ದೆಹಲಿಯಲ್ಲಿ 2008ರಲ್ಲಿ ಮೂರನೆಯ ಓಡುಹಾದಿ ತೆರೆದಾಗ ವಸಂತ ಕುಂಜ್ ಮೊದಲಾದ ಬಡಾವಣೆಗಳವರು ನ್ಯಾಯಾಲಯದ ಮೆಟ್ಟಿಲೇರಿದರು. ಕಡೆಗೆ 2018ರ ಜೂನ್ ತಿಂಗಳಲ್ಲಿ ಕೇಂದ್ರ ಪರಿಸರ ಸಚಿವಾಲಯವು ವಿಮಾನ ನಿಲ್ದಾಣಗಳಿಗೆಂದೇ ಪ್ರತ್ಯೇಕ ಮಾನದಂಡ ಪ್ರಕಟಿಸಿತು: ವರ್ಷಕ್ಕೆ 50,000ಕ್ಕಿಂತ ಹೆಚ್ಚು ಹಾರಾಟಗಳಿರುವಲ್ಲಿ ಹಗಲು 70, ರಾತ್ರಿ 65, ಉಳಿದ ಕಡೆ 65 ಮತ್ತು 60. ಹತ್ತು ಡೆಸಿಬೆಲ್ ಏರಿದರೆ ಕಿವಿಗೆ ಸದ್ದು ಸುಮಾರು ಇಮ್ಮಡಿಯಾಗಿ ಕೇಳಿಸುತ್ತದೆಂಬುದನ್ನು ನೆನಪಿಟ್ಟುಕೊಂಡು 45ಕ್ಕೂ 65ಕ್ಕೂ ಇರುವ ಅಂತರವನ್ನು ಓದುಗರೇ ಅಳೆಯಲಿ. ಇದೂ ಸರಾಸರಿಯ ಮಾತು. ಮಗು ಬೆಚ್ಚಿಬೀಳುವುದು ಸರಾಸರಿಗಲ್ಲ, ನಡುರಾತ್ರಿಯ ಒಂದು ವಿಮಾನಕ್ಕೆ.

ನಾವು ವಿಮಾನಗಳ ವಿರೋಧಿಗಳಲ್ಲ. ಕೊಲ್ಲಿಯ ದೇಶಗಳಲ್ಲಿ ದುಡಿಯುವ ನಮ್ಮ ಮಕ್ಕಳು ಕ್ರಿಸ್ಮಸ್ಸಿಗೆ ಮನೆ ಸೇರುವುದು ವಿಮಾನದಿಂದಲೇ. ಹುಬ್ಬಳ್ಳಿಯ ನಿಲ್ದಾಣ ಬೆಳೆದದ್ದರಿಂದ ಮುಂಡಗೋಡ, ಹಳಿಯಾಳದವರಿಗೆ ಅನುಕೂಲವಾಗಿದೆ. 2023ರ ಜನವರಿಯಲ್ಲಿ ಗೋವೆಯ ಮೋಪಾ ನಿಲ್ದಾಣ ತೆರೆದದ್ದೂ ನಮ್ಮವರಿಗೆ ಉಪಕಾರವೇ. ನಮ್ಮ ಪ್ರಶ್ನೆ ಒಂದೇ: ಸದ್ದನ್ನು ಹೊರುವವರನ್ನು ಯಾರಾದರೂ ಒಂದು ಮಾತು ಕೇಳಿದರೇ?

ಕೇಳಿದ ಉದಾಹರಣೆ ನಮ್ಮ ಧರ್ಮಸಭೆಯ ಚರಿತ್ರೆಯಲ್ಲಿಯೇ ಇದೆ. 1960ರ ದಶಕದ ಆರಂಭದಲ್ಲಿ ತಿರುವನಂತಪುರದ ಬಳಿಯ ತುಂಬಾದಲ್ಲಿ ರಾಕೆಟ್ ಉಡಾವಣಾ ಕೇಂದ್ರಕ್ಕೆ ಸ್ಥಳ ಬೇಕಾದಾಗ, ಅಲ್ಲಿ ಸಂತ ಮೇರಿ ಮ್ಯಾಗ್ದಲೀನಳ ದೇವಾಲಯವೂ ಮೀನುಗಾರರ ಮನೆಗಳೂ ಇದ್ದವು. ಡಾ. ವಿಕ್ರಂ ಸಾರಾಭಾಯಿಯವರು ಧರ್ಮಾಧ್ಯಕ್ಷ ಪೀಟರ್ ಬರ್ನಾರ್ಡ್ ಪೆರೇರಾ ಅವರನ್ನು ಕಂಡರು. ಧರ್ಮಾಧ್ಯಕ್ಷರು ತಾವೇ ಉತ್ತರ ಕೊಡಲಿಲ್ಲ. ಭಾನುವಾರದ ಬಲಿಪೂಜೆಯಲ್ಲಿ ವಿಷಯವನ್ನು ಜನರ ಮುಂದಿಟ್ಟು ಅವರ ಒಪ್ಪಿಗೆ ಪಡೆದರು. 1963ರ ನವೆಂಬರ್ 21ರಂದು ಅಲ್ಲಿಂದ ಮೊದಲ ರಾಕೆಟ್ ಹಾರಿತು. ಆ ಬಡ ಮೀನುಗಾರರು ಕೊಟ್ಟದ್ದು ಸಣ್ಣದಲ್ಲ. ಆದರೆ ಕೊಟ್ಟರು, ಅವರಿಂದ ಕಸಿದುಕೊಂಡರೆಂದು ಯಾರೂ ಹೇಳಲಾರರು.

ನಮ್ಮ ಜಿಲ್ಲೆಯಲ್ಲಿ ಇದಕ್ಕೆ ಅರ್ಥವಿದೆ. ಸೂಪಾ ಅಣೆಕಟ್ಟಿನ ನೀರಿನಲ್ಲಿ ಊರನ್ನೇ ಕಳೆದುಕೊಂಡು ರಾಮನಗರಕ್ಕೆ ಬಂದವರು ಜೊಯಿಡಾ ತಾಲೂಕಿನಲ್ಲಿ ಇಂದಿಗೂ ಇದ್ದಾರೆ. ಕರಾವಳಿಯಲ್ಲಿ 1986ರಲ್ಲಿ ಶಿಲಾನ್ಯಾಸವಾದ ಸೀಬರ್ಡ್ ನೌಕಾನೆಲೆಗಾಗಿ ಸಾವಿರಾರು ಕುಟುಂಬಗಳು ಎದ್ದು ಹೋದವು. ಈಗ ಅಂಕೋಲಾ ತಾಲೂಕಿನ ಅಲಗೇರಿಯಲ್ಲಿ ನೌಕಾದಳದ ವಿಮಾನ ನೆಲೆಯೂ ಅದರೊಡನೆ ನಾಗರಿಕ ನಿಲ್ದಾಣವೂ ಯೋಜಿತವಾಗಿವೆ. ಭೂಮಿ ಕಳೆದುಕೊಳ್ಳುವವರು ಪ್ರತಿಭಟಿಸಿದ್ದಾರೆ, ಪರಿಹಾರದ ಮಾತುಕತೆಯಾಗಿದೆ. ಭೂಮಿ ಹೋಗುವವನಿಗೆ ಪರಿಹಾರದ ಪಟ್ಟಿಯಲ್ಲಿ ಒಂದು ಹೆಸರಾದರೂ ಇರುತ್ತದೆ. ಭೂಮಿ ಉಳಿದು ನಿದ್ರೆ ಹೋಗುವವನಿಗೆ ಯಾವ ಪಟ್ಟಿಯೂ ಇಲ್ಲ. ವಿಮಾನಗಳು ಯಾವ ಊರಿನ, ಯಾವ ಶಾಲೆಯ ಮೇಲೆ ತಿರುಗುತ್ತವೆಂಬ ನಕ್ಷೆಯನ್ನು ಕೆಲಸ ಮುಗಿಯುವ ಮೊದಲೇ ಗ್ರಾಮಸಭೆಯ ಗೋಡೆಗೆ ಅಂಟಿಸಬೇಕೆಂದು ಕೇಳುವುದು ಅತಿಯಾದ ಬೇಡಿಕೆಯಲ್ಲವೆಂದು ನಮ್ಮ ಅಭಿಪ್ರಾಯ. ಅಂಕೋಲಾ, ಕಾರವಾರಗಳ ನಮ್ಮ ಧರ್ಮಕೇಂದ್ರಗಳ ಪಾಲನಾ ಮಂಡಳಿಗಳು ಇದನ್ನು ಕೇಳಬಹುದು. ಜಗದ್ಗುರು ಫ್ರಾನ್ಸಿಸರು 2015ರ ತಮ್ಮ ವಿಶ್ವಪತ್ರ "ಲೌದಾತೊ ಸಿ"ಯಲ್ಲಿ ನಗರಗಳ ಸದ್ದನ್ನೂ ಮನುಷ್ಯನ ಬಾಳನ್ನು ಕೆಡಿಸುವ ಮಾಲಿನ್ಯಗಳ ಸಾಲಿಗೆ ಸೇರಿಸಿರುವುದರಿಂದ, ಇದು ಸಭಾಭವನದ ಹೊರಗಿನ ವಿಷಯವೆಂದು ಯಾವ ಗುರುಗಳೂ ಹೇಳಲಾರರು.

ಆದರೆ ಕೇಳಲು ಹೋಗುವ ಮೊದಲು ನಮ್ಮ ಅಂಗಳವನ್ನೂ ನೋಡಿಕೊಳ್ಳಬೇಕಾಗಿದೆ. 2000ದ ಆಗಸ್ಟ್ 30ರಂದು ಸರ್ವೋಚ್ಚ ನ್ಯಾಯಾಲಯವು ಶಬ್ದದ ವಿಷಯದಲ್ಲಿ ಕೊಟ್ಟ ಹೆಸರಾಂತ ತೀರ್ಪು ಯಾರ ವಿರುದ್ಧ ಬಂದದ್ದು ಗೊತ್ತೇ? ಚೆನ್ನೈಯ ಒಂದು ಪ್ರಾರ್ಥನಾಲಯದ ವಿರುದ್ಧ. ಕ್ಯಾಥೋಲಿಕರದ್ದಲ್ಲ, ಆದರೂ ಕ್ರೈಸ್ತರದ್ದೇ. ನೆರೆಹೊರೆಯವರ ಶಾಂತಿಯನ್ನು ಕೆಡಿಸುವ ಧ್ವನಿವರ್ಧಕದಿಂದಲೇ ಪ್ರಾರ್ಥಿಸಬೇಕೆಂದು ಯಾವ ಧರ್ಮವೂ ವಿಧಿಸಿಲ್ಲವೆಂದು ನ್ಯಾಯಾಲಯ ಹೇಳಿತು. ನಮ್ಮ ಹಬ್ಬದ ವೆಸ್ಪರ ರಾತ್ರಿಯ ಬ್ಯಾಂಡು, ಗರ್ನಾಲು, ಮದುವೆಯ ರೋಸಿನಲ್ಲಿ ಮಧ್ಯರಾತ್ರಿಯವರೆಗೆ ಅಬ್ಬರಿಸುವ ಪೆಟ್ಟಿಗೆಗಳು ಇವುಗಳ ಬದಿಯ ಮನೆಯಲ್ಲಿ ಮಲಗಿದ ರೋಗಿಯ ಒಪ್ಪಿಗೆಯನ್ನು ನಾವು ಎಂದಾದರೂ ಕೇಳಿದ್ದುಂಟೇ? ಇದನ್ನು ಬರೆದರೆ ಕೆಲವರು ಮುನಿಸಿಕೊಳ್ಳುವರೆಂದು ಬಲ್ಲೆವು.

ಅಜ್ಜಿ ಊರಿಗೆ ಮರಳಿದ್ದಾರೆ. ಈಗಲೂ ಜಪಸರದ ನಡುವೆ ಒಮ್ಮೊಮ್ಮೆ ತಾವಾಗಿಯೇ ತಡೆದು ನಿಲ್ಲುತ್ತಾರಂತೆ, ಮೇಲೆ ಏನೋ ಬರುತ್ತಿದೆಯೆಂದು. ಮೊಮ್ಮಗಳಿಗೆ ಬರುವ ವರ್ಷ ಹತ್ತನೆಯ ತರಗತಿಯ ಪರೀಕ್ಷೆ. ಓದಲು ಎರಡು ತಿಂಗಳು ಹಳಿಯಾಳಕ್ಕೆ ಕಳಿಸಿ ಎಂದು ಮಗನಿಗೆ ಹೇಳಿ ಕಳಿಸಿದ್ದಾರೆ; ಉತ್ತರ ಇನ್ನೂ ಬಂದಿಲ್ಲ.