ಮಾರಿಕಣಿವೆಯ ಜಮಾ–ಖರ್ಚು

ಮಕ್ಕಳೇ, ದಸರಾ ರಜೆಯ ಒಂದು ಭಾನುವಾರ ನಮ್ಮ ಮನೆಯವರೆಲ್ಲ ಮಾರಿಕಣಿವೆಗೆ ಹೊರಟೆವು. ಏಳನೇ ತರಗತಿಯ ಮಗಳು, ಐದನೇ ತರಗತಿಯ ಮಗ, ನಮ್ಮ ಅತ್ತೆ, ಯಜಮಾನರು ಮತ್ತು ನಾನು. ಚಿತ್ರದುರ್ಗದಿಂದ ಹಿರಿಯೂರಿನ ದಾರಿ ಹಿಡಿದಿದ್ದರೆ ಬೇಗ ತಲುಪಬಹುದಿತ್ತು. ಆದರೆ ನಾನು ಬೇರೊಂದು ದಾರಿ ಹೇಳಿದೆ. "ಬರೀ ಡ್ಯಾಮ್ ನೋಡಿ ಬರುವುದು ಬೇಡ. ಹೊಳಲ್ಕೆರೆ, ಹೊಸದುರ್ಗದ ಮೇಲೆ ಹೋಗೋಣ. ಹೊಳೆಯನ್ನು ಮೊದಲು ನೋಡೋಣ, ಆಮೇಲೆ ಅಣೆಕಟ್ಟು, ಆಮೇಲೆ ಅಣೆಕಟ್ಟಿನ ಕೆಳಗಿನ ಹೊಳೆ."

ಮಗ ನಲ್ಲಿಯ ಕೆಳಗೆ ಬಾಟಲಿ ಹಿಡಿದು ನೀರು ತುಂಬಿಸುತ್ತಿದ್ದ. "ಈ ನೀರು ಎಲ್ಲಿಂದ ಬರುತ್ತೆ ಗೊತ್ತೇನೋ?" ಎಂದು ಕೇಳಿದೆ. "ಟ್ಯಾಂಕಿನಿಂದ" ಎಂದ. ಚಿತ್ರದುರ್ಗ, ಹಿರಿಯೂರು, ಚಳ್ಳಕೆರೆ ಪಟ್ಟಣಗಳಿಗೆ ಮಾರಿಕಣಿವೆಯಿಂದ ಕುಡಿಯುವ ನೀರು ಬರುತ್ತದೆ. ಅವನ ಬಾಟಲಿಯ ನೀರು ಎಲ್ಲಿಂದ ಹೊರಟಿತ್ತೋ ಅಲ್ಲಿಗೇ ನಾವು ಹೊರಟಿದ್ದೆವು!

ಹೊಳೆ ಹುಟ್ಟಿದ್ದು ಎಲ್ಲಿ?

ಹೊಸದುರ್ಗದ ಹತ್ತಿರ ಕೆಲ್ಲೋಡಿನ ಸೇತುವೆಯ ಮೇಲೆ ಗಾಡಿ ನಿಲ್ಲಿಸಿದೆವು. ಕೆಳಗೆ ವೇದಾವತಿ ಹರಿಯುತ್ತಿತ್ತು. ನೀರಿನ ಬಣ್ಣ ಕೆಮ್ಮಣ್ಣಿನದು.

ಈ ಹೊಳೆ ಹುಟ್ಟುವುದು ಚಿಕ್ಕಮಗಳೂರು ಜಿಲ್ಲೆಯ ಬಾಬಾಬುಡನ್ ಗಿರಿಯಲ್ಲಿ. ಅಲ್ಲಿಂದ ವೇದಾ, ಆವತಿ ಎಂಬ ಎರಡು ಹೊಳೆಗಳು ಇಳಿದು ಕಡೂರಿನ ಹತ್ತಿರ ಸೇರುತ್ತವೆ. ಎರಡೂ ಸೇರಿದ ಮೇಲೆ ವೇದಾವತಿ. ಬೆಟ್ಟದ ಮೇಲೆ ಮಳೆ ಹೆಚ್ಚು. ಹಿರಿಯೂರು, ಚಳ್ಳಕೆರೆಗಳ ಕಡೆ ವರ್ಷಕ್ಕೆ 600 ಮಿ.ಮೀ. ಮಳೆ ಬಂದರೂ ಒಳ್ಳೆಯ ವರ್ಷವೇ. ಅಂದರೆ ಬಯಲುಸೀಮೆಯ ನಮಗೆ ಬೆಟ್ಟದ ಮಳೆಯಲ್ಲಿ ಒಂದು ಪಾಲನ್ನು ಹೊತ್ತು ತರುವ ಗಾಡಿ ಈ ಹೊಳೆ.

ಹೊಳೆ ನೀರನ್ನಷ್ಟೇ ತರುತ್ತದೆಯೇ? ಇಲ್ಲ. ಮಣ್ಣು, ಮರಳು, ಕೊಳೆತ ಎಲೆ, ಬೀಜ, ಮೀನಿನ ಮರಿ ಎಲ್ಲವನ್ನೂ ತರುತ್ತದೆ. ಇದನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಎರಡು ಗುಡ್ಡ, ಒಂದು ಗೋಡೆ

ಮಧ್ಯಾಹ್ನದ ಹೊತ್ತಿಗೆ ವಾಣಿವಿಲಾಸಪುರ ತಲುಪಿದೆವು. ಕಣಿವೆ ಮಾರಮ್ಮನಿಗೆ ಕೈಮುಗಿದು ಅತ್ತೆ ಮೆಟ್ಟಿಲ ಮೇಲೆ ಕುಳಿತರು. ಈ ದೇವಿಯಿಂದಲೇ ಮಾರಿಕಣಿವೆ ಎಂಬ ಹೆಸರು. ಮೈಸೂರಿನ ರಾಜಪ್ರತಿನಿಧಿಯಾಗಿದ್ದ ಮಹಾರಾಣಿ ವಾಣಿವಿಲಾಸ ಸನ್ನಿಧಾನ ಅವರ ನೆನಪಿಗೆ ಇಟ್ಟ ಹೆಸರು ವಾಣಿವಿಲಾಸ ಸಾಗರ.

1876–78ರಲ್ಲಿ ಮೈಸೂರು ಸಂಸ್ಥಾನ ಭೀಕರ ಬರಗಾಲ ಕಂಡಿತ್ತು. ಹಿರಿಯರು ಅದನ್ನು ಧಾತು ಸಂವತ್ಸರದ ಬರ ಎನ್ನುತ್ತಿದ್ದರು. ಲಕ್ಷಾಂತರ ಜನ ಸತ್ತರು. ಬಯಲುಸೀಮೆಗೆ ದೊಡ್ಡ ನೀರಿನ ಆಸರೆ ಬೇಕಿತ್ತು. ಆ ಶತಮಾನದ ಕೊನೆಯಲ್ಲಿ ಇಲ್ಲಿ ಕೆಲಸ ಶುರುವಾಗಿ 1907ರಲ್ಲಿ ಮುಗಿಯಿತು. ಇದು ನಮ್ಮ ರಾಜ್ಯದ ಅತಿ ಹಳೆಯ ದೊಡ್ಡ ಅಣೆಕಟ್ಟುಗಳಲ್ಲಿ ಒಂದು.

"ಇಲ್ಲೇ ಯಾಕೆ ಕಟ್ಟಿದರು?" ಎಂದಳು ಮಗಳು. ಸುತ್ತ ನೋಡು ಎಂದೆ. ಎರಡು ಗುಡ್ಡಗಳ ನಡುವಿನ ಕಿರಿದಾದ ಕಂಡಿಯಲ್ಲಿ ಹೊಳೆ ಹಾದುಹೋಗುತ್ತದೆ. ಕಂಡಿಯನ್ನು ಮುಚ್ಚಿದರೆ ಸಾಕು, ಗುಡ್ಡಗಳೇ ಉಳಿದ ಗೋಡೆ. ಸುಮಾರು 400 ಮೀಟರ್ ಉದ್ದದ ಕಲ್ಲುಕಟ್ಟಡ ಸುಮಾರು 88 ಚದರ ಕಿಲೋಮೀಟರ್ ಹರಡಬಲ್ಲ ನೀರನ್ನು ತಡೆದು ನಿಲ್ಲಿಸಿದೆ. ಕಲ್ಲಿನ ಕಟ್ಟಡ ತನ್ನ ಭಾರದಿಂದಲೇ ನೀರಿನ ತಳ್ಳುವಿಕೆಯನ್ನು ತಡೆಯುತ್ತದೆ. ಆಳ ಹೆಚ್ಚಿದಂತೆ ನೀರಿನ ಒತ್ತಡ ಹೆಚ್ಚು. ಆದ್ದರಿಂದ ಕಟ್ಟೆ ಮೇಲೆ ಸಣ್ಣದು, ಬುಡದಲ್ಲಿ ದಪ್ಪ.

ಜಲಾಶಯದ ಪೂರ್ಣಮಟ್ಟ 130 ಅಡಿ. ಹಿಡಿಯುವ ನೀರು 30 ಟಿಎಂಸಿ. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ, ಲೀಟರಿನಲ್ಲಿ ಸುಮಾರು 2,800 ಕೋಟಿ. ಪೂರ್ಣಮಟ್ಟ ಮೀರಿದ ನೀರು ಪಕ್ಕದ ಕೋಡಿಯಿಂದ ತಾನಾಗಿಯೇ ಇಳಿಯುತ್ತದೆ. ಕೋಡಿಗೆ ಬಾಗಿಲುಗಳಿಲ್ಲ.

ಜಮಾ ಏನು?

ಮಗಳ ನೋಟುಪುಸ್ತಕದಲ್ಲಿ ಅಂಗಡಿಯವರಂತೆ ಒಂದು ಗೆರೆ ಎಳೆದೆವು. ಎಡಕ್ಕೆ ಜಮಾ, ಬಲಕ್ಕೆ ಖರ್ಚು.

ಜಮಾ ಬರೆಯುವುದು ಸುಲಭವಾಯಿತು. ಎಡದಂಡೆ, ಬಲದಂಡೆ ನಾಲೆಗಳು ಹಿರಿಯೂರು ತಾಲ್ಲೂಕಿನ ಸುಮಾರು 25,000 ಎಕರೆ ಅಚ್ಚುಕಟ್ಟಿಗಾಗಿ ಇವೆ. ತೆಂಗು, ಅಡಿಕೆ, ಭತ್ತ ಬೆಳೆದವು. ನಾಲೆಯಿಂದ ಬಸಿದ ನೀರು ಬಾವಿಗಳಿಗೆ ಇಳಿಯಿತು. ಪಟ್ಟಣಗಳಿಗೆ ಕುಡಿಯುವ ನೀರು ಸಿಕ್ಕಿತು. ನಮ್ಮ ಜಿಲ್ಲೆಯ ಹಲವು ಕಡೆ ಆಳದ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಅದನ್ನು ಬಹಳ ಕಾಲ ಕುಡಿದರೆ ಹಲ್ಲಿಗೆ ಕಲೆ ಬರುತ್ತದೆ, ಮೂಳೆ ಕೆಡುತ್ತದೆ. ಹಾಗಾಗಿ ಮೇಲ್ಮೈ ನೀರು ನಮಗೆ ಆರೋಗ್ಯವೂ ಹೌದು.

ಖರ್ಚು ಏನು?

"ಖರ್ಚು ಎಂದರೆ ಕಲ್ಲು, ಗಾರೆ, ಕೂಲಿ" ಎಂದ ಮಗ. ಅದು 1907ಕ್ಕೇ ಮುಗಿದ ಖರ್ಚು. ಇನ್ನೂ ಕಟ್ಟುತ್ತಲೇ ಇರುವ ಖರ್ಚುಗಳಿವೆ.

ಮೊದಲನೆಯದು ಮುಳುಗಿದ ನೆಲ. ಹಿನ್ನೀರಿನ ಅಡಿಯಲ್ಲಿ ಹೊಲಗಳಿವೆ, ಹಳ್ಳಿಗಳಿದ್ದ ಜಾಗಗಳಿವೆ. ನೀರನ್ನೇ ನೋಡುತ್ತಿದ್ದ ನಮ್ಮ ಅತ್ತೆ ಮೆಲ್ಲಗೆ ಹೇಳಿದರು: "ನಮ್ಮ ಅಜ್ಜಿಯ ತವರುಮನೆ ಈ ನೀರಿನ ಕೆಳಗೇ ಇತ್ತಂತೆ." ಮಕ್ಕಳು ಗಪ್‌ಚಿಪ್ ಆದರು. ಈ ಖರ್ಚು ಹಳೆಯ ಕಾಲದ್ದು ಮಾತ್ರವಲ್ಲ. 2022ರ ಸೆಪ್ಟೆಂಬರಿನಲ್ಲಿ ಜಲಾಶಯ ತುಂಬಿ ಕೋಡಿ ಬಿದ್ದಾಗ ನೋಡಲು ಜನಸಾಗರವೇ ಸೇರಿತ್ತು. ಅದೇ ಹೊತ್ತಿನಲ್ಲಿ ಹೊಸದುರ್ಗದ ಕಡೆ ಹಿನ್ನೀರಿನ ಅಂಚಿನ ರೈತರ ತೋಟ, ಹೊಲಗಳಿಗೆ ನೀರು ನುಗ್ಗಿತ್ತು. ಒಂದೇ ನೀರು. ಒಂದು ಕಡೆ ಹಬ್ಬ, ಇನ್ನೊಂದು ಕಡೆ ಕಣ್ಣೀರು.

ಎರಡನೆಯದು ಹೂಳು. ಹರಿಯುವ ನೀರು ಮಣ್ಣನ್ನು ಹೊತ್ತೊಯ್ಯುತ್ತದೆ, ನಿಂತ ನೀರು ಕೆಳಗಿಳಿಸುತ್ತದೆ. ಕೆಲ್ಲೋಡಿನಲ್ಲಿ ಕೆಂಪಗಿದ್ದ ನೀರು ಅಣೆಕಟ್ಟಿನ ಹತ್ತಿರ ತಿಳಿಯಾಗಿತ್ತು. ಹಾಗಾದರೆ ಆ ಮಣ್ಣು ಎಲ್ಲಿ ಹೋಯಿತು? ಜಲಾಶಯದ ತಳದಲ್ಲಿ ಕುಳಿತಿತು. ಪ್ರತಿ ಮಳೆಗಾಲವೂ ಅಷ್ಟಷ್ಟು ಹೂಳು ಸೇರಿ ನೀರಿನ ಜಾಗ ಕಡಿಮೆಯಾಗುತ್ತದೆ. ಇತ್ತ ಕೆಳಗಿನ ಹೊಳೆಗೆ ಹೊಸ ಮರಳು, ಮೆಕ್ಕಲು ಮಣ್ಣು ಸಿಗುವುದಿಲ್ಲ.

ಮೂರನೆಯದು ಆವಿ. ನಮ್ಮದು ಬಿಸಿಲು, ಗಾಳಿಯ ಸೀಮೆ. ಹರಡಿ ನಿಂತ ನೀರು ಬೇಗ ಆವಿಯಾಗುತ್ತದೆ. ಜಲಾಶಯ ತುಂಬಿದ್ದಾಗ ಮೇಲಿನ ಒಂದೇ ಒಂದು ಮೀಟರ್ ನೀರು ಆವಿಯಾದರೆ ನಷ್ಟ ಎಷ್ಟು? 88 ಚದರ ಕಿ.ಮೀ. ಎಂದರೆ 8.8 ಕೋಟಿ ಚದರ ಮೀಟರ್. ಒಂದು ಮೀಟರ್ ಎತ್ತರಕ್ಕೆ 8.8 ಕೋಟಿ ಘನ ಮೀಟರ್. ಅದು ಸುಮಾರು 3 ಟಿಎಂಸಿ! ಯಾವ ನಾಲೆಗೂ ಹೋಗದೆ, ಯಾರ ಬಾಯಾರಿಕೆಯನ್ನೂ ತಣಿಸದೆ ಆಕಾಶಕ್ಕೆ ಹೋದ ನೀರು.

ನಾಲ್ಕನೆಯದು ಮೀನು. ಮುಂಗಾರಿನ ಹೊಸ ನೀರು ಬಂದಾಗ ಹಲವು ಜಾತಿಯ ಮೀನುಗಳು ಹರಿವಿಗೆ ಎದುರಾಗಿ ಮೇಲಕ್ಕೆ ಈಜಿ ಮೊಟ್ಟೆ ಇಡುತ್ತವೆ. ಆ ದಾರಿಗೆ ಅಡ್ಡಲಾಗಿ ಇಷ್ಟೆತ್ತರದ ಗೋಡೆ ನಿಂತರೆ ಅವು ಹತ್ತುವುದು ಹೇಗೆ?

ಅಣೆಕಟ್ಟಿನ ಕೆಳಗಿನ ಹೊಳೆ

ಸಂಜೆ ಹಿರಿಯೂರಿಗೆ ಬಂದೆವು. ತೇರುಮಲ್ಲೇಶ್ವರನ ದರ್ಶನ ಮಾಡಿ ಹೊಳೆಯ ದಂಡೆಗೆ ಹೋದೆವು. ಅದೇ ವೇದಾವತಿ. ಆದರೆ ಮಕ್ಕಳಿಗೆ ಗುರುತು ಸಿಗಲಿಲ್ಲ. ಅಗಲವಾದ ಪಾತ್ರ, ಅದರಲ್ಲಿ ಬಳ್ಳಾರಿ ಜಾಲಿಯ ಪೊದೆಗಳು, ನಡುವೆ ಸಣ್ಣ ನೀರು.

ಜಲಾಶಯ ಮೊದಲ ಸಲ ಕೋಡಿ ಬಿದ್ದಿದ್ದು 1933ರಲ್ಲಿ. ಎರಡನೆಯ ಸಲ 2022ರಲ್ಲಿ. ನಡುವಿನ 89 ವರ್ಷ ಕೋಡಿಯ ಮೇಲಿಂದ ಒಂದು ಹನಿಯೂ ಹೊಳೆಗೆ ಇಳಿಯಲಿಲ್ಲ. ಸುವರ್ಣಮುಖಿಯಂಥ ಉಪನದಿ, ಹಳ್ಳಕೊಳ್ಳ, ನಾಲೆಯಿಂದ ಬಸಿದ ನೀರು ಇವೇ ಕೆಳಗಿನ ಹೊಳೆಗೆ ಹೆಚ್ಚಿನ ಆಸರೆ. ಈ ಹೊಳೆ ಇಲ್ಲಿಗೇ ಮುಗಿಯುವುದೂ ಇಲ್ಲ. ಚಳ್ಳಕೆರೆ ತಾಲ್ಲೂಕು ದಾಟಿ, ಆಂಧ್ರಪ್ರದೇಶ ಹೊಕ್ಕು, ಬಳ್ಳಾರಿ ಸೀಮೆಯಲ್ಲಿ ಹಗರಿ ಎಂದು ಕರೆಸಿಕೊಂಡು ತುಂಗಭದ್ರೆಯನ್ನು ಸೇರಬೇಕು.

"ಹಿಂದೆ ಹೊಳೆಯ ಮರಳಿನಲ್ಲಿ ಕೈಯಿಂದ ತೋಡಿದರೆ ಒರತೆ ನೀರು ಬರುತ್ತಿತ್ತು. ಚಿಪ್ಪಿನಲ್ಲಿ ಮೊಗೆದು ಕೊಡ ತುಂಬುತ್ತಿದ್ದೆವು" ಎಂದರು ಅತ್ತೆ. ಮರಳು ಸ್ಪಂಜಿನಂತೆ ನೀರನ್ನು ಹಿಡಿದಿಟ್ಟು ಬಾವಿಗಳಿಗೆ ಕೊಡುತ್ತದೆ. ಮೇಲಿನಿಂದ ಹೊಸ ಮರಳು ಬರುವುದು ನಿಂತಿತು, ಇದ್ದ ಮರಳನ್ನೂ ಜನ ತುಂಬಿಕೊಂಡು ಹೋದರು. ಒರತೆ ಬತ್ತಿತು.

ನೀರು ಹುಟ್ಟುವುದಿಲ್ಲ, ಜಾಗ ಬದಲಿಸುತ್ತದೆ

ಒಂದು ಮಾತು ಕೇಳಬಹುದು. 1933ರ ನಂತರ ಜಲಾಶಯ ಏಕೆ ಅಷ್ಟು ವರ್ಷ ತುಂಬಲಿಲ್ಲ? ಮಳೆ ವರ್ಷದಿಂದ ವರ್ಷಕ್ಕೆ ಏರುಪೇರಾಗುತ್ತದೆ. ಅಲ್ಲದೆ ನೀರು ಬರುವ ಜಲಾನಯನ ಪ್ರದೇಶ ಸುಮಾರು 5,400 ಚದರ ಕಿ.ಮೀ. ಅಲ್ಲಿ ಕೆರೆಗಳು, ತಡೆಯೊಡ್ಡುಗಳು, ಕೊಳವೆಬಾವಿಗಳು ಇವೆ. ಅಲ್ಲಿಯವರಿಗೂ ನೀರು ಬೇಕಲ್ಲವೇ? 2017ರ ಹೊತ್ತಿಗೆ ಜಲಾಶಯ ತಳ ಕಾಣುವಂತಾಗಿತ್ತು. ಹಿರಿಯೂರಿನ ಎಷ್ಟೋ ತೆಂಗಿನ ತೋಟಗಳು ಒಣಗಿದವು.

2019ರಿಂದ ಭದ್ರೆಯ ನೀರನ್ನು ಪಂಪುಗಳಿಂದ ಎತ್ತಿ, ಅಜ್ಜಂಪುರದ ಸುಮಾರು 7 ಕಿ.ಮೀ. ಸುರಂಗದಲ್ಲಿ ಹಾಯಿಸಿ ವೇದಾವತಿಗೆ ತರಲಾಯಿತು. ಇದು ಭದ್ರಾ ಮೇಲ್ದಂಡೆ ಯೋಜನೆಯ ಭಾಗ. ಯೋಜನೆಯಂತೆ ತುಂಗೆಯಿಂದ 17.4 ಟಿಎಂಸಿ ಭದ್ರೆಗೆ, ಭದ್ರೆಯಿಂದ 29.9 ಟಿಎಂಸಿ ಬಯಲುಸೀಮೆಗೆ ಬರಬೇಕು. ಅದರಲ್ಲಿ ಮಾರಿಕಣಿವೆಯ ಪಾಲು 2 ಟಿಎಂಸಿ. ಒಳ್ಳೆಯ ಮಳೆಯೂ ಕೂಡಿ 2022ರಲ್ಲಿ ಕೋಡಿ ಬಿತ್ತು, 2025ರ ಜನವರಿಯಲ್ಲಿ ಮತ್ತೆ ಬಿತ್ತು. ನಮಗೆ ಸಂತೋಷ. ಆದರೆ ಆ ನೀರು ತುಂಗೆ, ಭದ್ರೆಯರ ಪಾತ್ರದಲ್ಲಿ ಹರಿಯಬೇಕಾಗಿದ್ದ ನೀರು. ಅದನ್ನು ಎತ್ತಲು ವಿದ್ಯುತ್ ಬೇಕು.

ಅಣೆಕಟ್ಟು ನೀರನ್ನು ಹುಟ್ಟಿಸುವುದಿಲ್ಲ. ಮಳೆಗಾಲದ ನೀರನ್ನು ಬೇಸಿಗೆಗೆ, ಒಂದೂರಿನ ನೀರನ್ನು ಇನ್ನೊಂದೂರಿಗೆ ಕೊಡುತ್ತದೆ. ಜಮಾ ಒಬ್ಬರದು, ಖರ್ಚು ಇನ್ನೊಬ್ಬರದು ಆಗಬಾರದು ಎಂದರೆ ಎರಡನ್ನೂ ಬರೆದು ನೋಡಬೇಕು.

"ಹಾಗಾದರೆ ಅಣೆಕಟ್ಟು ಕಟ್ಟಿದ್ದು ತಪ್ಪಾ?" ಎಂದಳು ಮಗಳು. ಬರ ಕಂಡ ಜನ ಕಟ್ಟಿದ್ದು. ಅದರಿಂದ ಊರುಗಳು ಬದುಕಿವೆ. ತಪ್ಪು ಎನ್ನಲಾರೆ. ಆದರೆ ಖರ್ಚು ಕಟ್ಟಿದವರನ್ನು ಮರೆಯುವುದು ತಪ್ಪು. ಕೆಳಗಿನ ಹೊಳೆಗೂ ಒಂದಷ್ಟು ನೀರು ಬಿಡುವುದು, ಬೆಟ್ಟದ ಕಾಡು ಉಳಿಸಿ ಹೂಳು ತಡೆಯುವುದು, ಊರಿನ ಕೆರೆಯ ಹೂಳೆತ್ತುವುದು, ಹನಿ ನೀರಾವರಿ ಮಾಡುವುದು, ಇವೆಲ್ಲ ಆ ಸಾಲವನ್ನು ತೀರಿಸುವ ದಾರಿಗಳು.

ಮನೆಗೆ ಬಂದಾಗ ಮಗನ ಬಾಟಲಿಯಲ್ಲಿ ಅರ್ಧ ನೀರು ಉಳಿದಿತ್ತು. ಎಂದಿನಂತೆ ಬಚ್ಚಲಿಗೆ ಸುರಿಯಲು ಹೋದವನು ನಿಂತ. ತಿರುಗಿ ಬಂದು ತುಳಸಿ ಕಟ್ಟೆಗೆ ಹಾಕಿದ.

ಮಾಡಿ ನೋಡಿ

1. ಒಂದು ಗಾಜಿನ ಲೋಟದಲ್ಲಿ ಹಿಡಿ ಮಣ್ಣು, ಮುಕ್ಕಾಲು ನೀರು ಹಾಕಿ ಕಲಕಿ. ಅಲ್ಲಾಡಿಸದೆ ಇಡಿ. ಮೊದಲು ಕೆಳಗಿಳಿಯುವುದು ಮರಳೋ, ಜೇಡಿಯೋ? ಗಡಿಯಾರ ನೋಡಿ ಬರೆಯಿರಿ.

2. ಒಂದು ಲೋಟ ನೀರನ್ನು ತಟ್ಟೆಯಲ್ಲೂ, ಇನ್ನೊಂದು ಲೋಟ ನೀರನ್ನು ಚೊಂಬಿನಲ್ಲೂ ಹಾಕಿ ಬಿಸಿಲಿಗಿಡಿ. ಸಂಜೆ ಎರಡನ್ನೂ ಅಳೆಯಿರಿ. ಯಾವುದರಲ್ಲಿ ಹೆಚ್ಚು ಕಡಿಮೆಯಾಯಿತು? ಏಕೆ?

3. ನಿಮ್ಮೂರಿನ ಕೆರೆ ಅಥವಾ ಹಳ್ಳಕ್ಕೆ ನೀರು ಎಲ್ಲಿಂದ ಬರುತ್ತದೆ, ತುಂಬಿದ ಮೇಲೆ ಎಲ್ಲಿಗೆ ಹೋಗುತ್ತದೆ? ಮನೆಯ ಹಿರಿಯರನ್ನು ಕೇಳಿ ನಕ್ಷೆ ಬರೆಯಿರಿ. ಒಂದು ಪುಟದಲ್ಲಿ ಅದರ ಜಮಾ–ಖರ್ಚು ಬರೆದು ನಿಮ್ಮ ಶಿಕ್ಷಕರಿಗೆ ತೋರಿಸಿ.