ಹಡಗು ನಿಂತ ಒಂದು ಹಗಲು: ಪಣಂಬೂರಿನಿಂದ ಎಲ್ಲಿಗೆ, ಎಷ್ಟು ದೂರ?

ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಗಳ ನಿವೃತ್ತ ದಂಪತಿಗಳಿಗೆ ಹಡಗಿನ ವಿಹಾರ ಈಗ ಕೇಳರಿಯದ ಸಂಗತಿಯಲ್ಲ. ಅಮೆರಿಕದಲ್ಲೋ ಯೂರೋಪಿನಲ್ಲೋ ನೆಲೆಸಿದ ಮಕ್ಕಳು ತಂದೆತಾಯಿಯರನ್ನು ಕರೆಸಿಕೊಂಡಾಗ ಒಂದು ವಾರದ ಹಡಗುಯಾನವನ್ನೂ ಅದಕ್ಕೆ ಜೋಡಿಸುವುದುಂಟು. ಊಟ, ವಸತಿಗಳ ಚಿಂತೆ ಟಿಕೆಟಿನೊಂದಿಗೇ ಬಗೆಹರಿದರೂ ಒಂದು ಪ್ರಶ್ನೆ ಮಾತ್ರ ಪ್ರಯಾಣಿಕರ ಪಾಲಿಗೇ ಉಳಿಯುತ್ತದೆ. ಹಡಗು ಬಂದರಿನಲ್ಲಿ ನಿಂತ ಆ ಒಂದು ಹಗಲಿನಲ್ಲಿ ಎಲ್ಲಿಗೆ ಹೋಗಿಬರಬೇಕು?

ಈ ಪ್ರಶ್ನೆಯನ್ನು ಅರಿಯಲು ದೂರ ಹೋಗಬೇಕಾಗಿಲ್ಲ. ಕರ್ನಾಟಕದ್ದೇ ಆದ ನವ ಮಂಗಳೂರು ಬಂದರು ಇದಕ್ಕೆ ಒಳ್ಳೆಯ ಉದಾಹರಣೆ. ಪಣಂಬೂರಿನಲ್ಲಿ 1975ರಲ್ಲಿ ಉದ್ಘಾಟನೆಗೊಂಡ ಈ ಬಂದರಿಗೆ, ಮಳೆಗಾಲ ಕಳೆದು ಕಡಲು ಶಾಂತವಾದ ಮೇಲೆ ವಿದೇಶಿ ಪ್ರವಾಸಿ ಹಡಗುಗಳು ಬರುತ್ತವೆ. ಕೋವಿಡ್ ಕಾರಣದಿಂದ 2020ರಲ್ಲಿ ನಿಂತಿದ್ದ ಈ ಸಂಚಾರ 2022ರ ಕೊನೆಯಲ್ಲಿ ಮತ್ತೆ ಆರಂಭವಾಯಿತು. ಇಳಿದವರ ಮುಂದೆ ಕಡಲು, ಘಟ್ಟ, ಬಸದಿ, ದೇವಾಲಯ ಎಲ್ಲವೂ ಇವೆ. ಇಲ್ಲದಿರುವುದು ಸಮಯ ಮಾತ್ರ.

ಹಡಗು ಬೆಳಿಗ್ಗೆ 8ಕ್ಕೆ ತಂಗಿ ಸಂಜೆ 6ಕ್ಕೆ ಹೊರಡುತ್ತದೆ ಎಂದಿಟ್ಟುಕೊಳ್ಳೋಣ. ಕಾಗದಪತ್ರಗಳ ತಪಾಸಣೆ ಮುಗಿದು ಬಂದರಿನ ಗೇಟು ದಾಟುವಷ್ಟರಲ್ಲಿ ಒಂದು ಗಂಟೆ ಕಳೆದಿರುತ್ತದೆ. ಹೊರಡುವ ವೇಳೆಗೆ ಅರ್ಧ ಗಂಟೆಯಿಂದ ಒಂದು ಗಂಟೆ ಮುಂಚೆ ಎಲ್ಲರೂ ಹಡಗಿನೊಳಗಿರಬೇಕು. ರಸ್ತೆಯ ಅಡಚಣೆಗೆಂದು ಇನ್ನೊಂದು ಗಂಟೆ ಬದಿಗಿಟ್ಟರೆ ಹತ್ತು ಗಂಟೆಯ ಹಗಲು ಏಳಕ್ಕೆ ಇಳಿಯುತ್ತದೆ. ಆ ಏಳರಲ್ಲಿ ಅರ್ಧಕ್ಕಿಂತ ಹೆಚ್ಚು ವಾಹನದಲ್ಲೇ ಕಳೆಯುವ ಸ್ಥಳವನ್ನು, ಅದು ಎಷ್ಟೇ ಪ್ರಸಿದ್ಧವಾಗಿರಲಿ, ಬಿಟ್ಟುಬಿಡುವುದು ಒಳ್ಳೆಯದು. ಪ್ರವಾಸದ ಕರಪತ್ರಗಳಲ್ಲಿ ದೊಡ್ಡದಾಗಿ ಅಚ್ಚಾಗುವುದು ಗೋಪುರದ ಚಿತ್ರವೇ ಹೊರತು ಬಸ್ಸಿನಲ್ಲಿ ಕುಳಿತಿರಬೇಕಾದ ಗಂಟೆಗಳಲ್ಲ.

ಬೇಲೂರು, ಹಳೇಬೀಡುಗಳ ವಿಷಯದಲ್ಲಿ ಈ ಲೆಕ್ಕ ಸ್ಪಷ್ಟವಾಗುತ್ತದೆ. ಹೊಯ್ಸಳ ದೇವಾಲಯಗಳು 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲೆ ಅವುಗಳ ಆಕರ್ಷಣೆ ಸಹಜವಾಗಿಯೇ ಹೆಚ್ಚಿದೆ. ಆದರೆ ಪಣಂಬೂರಿನಿಂದ ಬೇಲೂರಿಗೆ ಸುಮಾರು 150 ಕಿ.ಮೀ., ನಡುವೆ ಘಟ್ಟದ ರಸ್ತೆ. ಹೋಗಲು ನಾಲ್ಕು ಗಂಟೆ, ಬರಲು ನಾಲ್ಕು ಗಂಟೆ. ಘಟ್ಟದಲ್ಲಿ ಒಂದು ಲಾರಿ ಕೆಟ್ಟು ನಿಂತರೆ ಹಡಗು ತಪ್ಪಿತೆಂದೇ ಅರ್ಥ. ವಿದೇಶದಲ್ಲಿಯೂ ಇದೇ ಮಾತು. ಪಿರೇಯಸ್ ಬಂದರಿನಿಂದ ಅಥೆನ್ಸ್ ಸುಮಾರು 10 ಕಿ.ಮೀ.; ಚಿವಿತವೆಕಿಯಾದಿಂದ ರೋಮ್ ಸುಮಾರು 80; ಲೆ ಹಾವ್ರ್‌ನಿಂದ ಪ್ಯಾರಿಸ್ ಸುಮಾರು 200. ಮೂರಕ್ಕೂ ‘ಒಂದು ದಿನದ ಪ್ರವಾಸ’ ಎಂಬುದೇ ಹೆಸರು!

ಪಣಂಬೂರಿನಿಂದ ಹೊರಡುವವರಿಗೆ ಸಮಯಕ್ಕೆ ತಕ್ಕ ಐತಿಹಾಸಿಕ ದಾರಿ ಎಂದರೆ ಮೂಡುಬಿದಿರೆ ಮತ್ತು ಕಾರ್ಕಳ. ಮೂಡುಬಿದಿರೆಗೆ ಒಂದು ಗಂಟೆಗಿಂತ ಸ್ವಲ್ಪ ಹೆಚ್ಚು ಸಾಕು. ಅಲ್ಲಿನ ಸಾವಿರ ಕಂಬದ ಬಸದಿ 1430ರದು. ಮೂರು ಅಂತಸ್ತಿನ ಇಳಿಜಾರು ಮಾಡುಗಳು ಕರಾವಳಿಯ ಮಳೆಯನ್ನು ಬಲ್ಲವರು ಕಟ್ಟಿದವು. ಕಲ್ಲಿನ ಕಟ್ಟಡವಾದರೂ ಮರಗೆಲಸದ ಜಾಡು ಎದ್ದು ಕಾಣುತ್ತದೆ. ಕೆತ್ತನೆಗಳ ನಡುವೆ ಜಿರಾಫೆ ಮತ್ತು ಚೀನೀ ಡ್ರ್ಯಾಗನ್ ಎಂದು ಗುರುತಿಸಲಾಗುವ ಆಕೃತಿಗಳಿವೆ. ಹಡಗಿನಿಂದ ಇಳಿದು ಬಂದವರು ಇವನ್ನು ನೋಡದೆ ಮರಳಬಾರದು. ತುಳುನಾಡಿನ ವರ್ತಕರಿಗೂ ದೂರದ ದೇಶಗಳಿಗೂ ಇದ್ದ ಸಂಬಂಧವನ್ನು ನೆನಪಿಸುವ ಕಲ್ಲುಗಳಿವು.

ಅಲ್ಲಿಂದ ಕಾರ್ಕಳ ಅರ್ಧ ಗಂಟೆಯ ದಾರಿ. 1432ರಲ್ಲಿ ವೀರಪಾಂಡ್ಯ ಭೈರರಸ ನಿಲ್ಲಿಸಿದ ಗೊಮ್ಮಟನ ಎತ್ತರ ಸುಮಾರು 42 ಅಡಿ. ಎದುರಿನ ದಿಬ್ಬದ ಮೇಲೆ 1586ರ ಚತುರ್ಮುಖ ಬಸದಿ. ನಾಲ್ಕು ದಿಕ್ಕಿಗೂ ಬಾಗಿಲು, ನಾಲ್ಕು ಕಡೆಗೂ ತೀರ್ಥಂಕರರ ಮೂರ್ತಿಗಳು. ಎರಡೂ ಕಡೆ ಪಾದರಕ್ಷೆ ಬಿಟ್ಟು ಕಲ್ಲಿನ ಮೇಲೆ ನಡೆಯಬೇಕು. ಮಧ್ಯಾಹ್ನ ಆ ಕಲ್ಲು ಅಂಗಾಲು ಸುಡುತ್ತದೆ. ದಪ್ಪನೆಯ ಕಾಲುಚೀಲವೊಂದು ಚೀಲದಲ್ಲಿರಲಿ. ಮಂಡಿನೋವಿನ ಹಿರಿಯರಿದ್ದರೆ ಮೊದಲು ಕಾರ್ಕಳವನ್ನೇ ನೋಡಿ, ಬಿಸಿಲೇರುವ ಹೊತ್ತಿಗೆ ಮೂಡುಬಿದಿರೆಯ ಬಸದಿಯ ನೆರಳಿಗೆ ಬರುವುದು ಲೇಸು. ಕಾರ್ಕಳಕ್ಕೆ ಹೋಗಲು ಪಡುಬಿದ್ರಿ, ಬೆಳ್ಮಣ್ ಮಾರ್ಗವಿದೆ; ಹೋದ ದಾರಿಯಲ್ಲೇ ಮರಳಬೇಕಿಲ್ಲ.

ಅಷ್ಟು ದೂರವೂ ಬೇಡವೆನ್ನುವವರಿಗೆ ಮಂಗಳೂರು ನಗರವೇ ಸಾಕು. ಕದ್ರಿ ದೇವಾಲಯದಲ್ಲಿ ಮೂರು ಮುಖ, ಆರು ಕೈಗಳ ಲೋಕೇಶ್ವರನ ಕಂಚಿನ ವಿಗ್ರಹವಿದೆ. ಆಳುಪ ದೊರೆ ಕುಂದವರ್ಮನ ಕಾಲದ ಅದರ ಶಾಸನ ಕ್ರಿ.ಶ. 968ರದು. ಸಂತ ಅಲೋಶಿಯಸ್ ಚಾಪೆಲ್‌ನ ಗೋಡೆ, ಛಾವಣಿಗಳ ಚಿತ್ರಗಳನ್ನು ಇಟಲಿಯ ಆಂಟೋನಿಯೊ ಮೊಸ್ಕೇನಿ 1899ರಿಂದ ಆರಂಭಿಸಿ ಎರಡು ವರ್ಷಗಳಲ್ಲಿ ಬರೆದು ಮುಗಿಸಿದರು. ಬೆಂಗಳೂರಿನ ಓದುಗರಿಗೆ ಇನ್ನೊಂದು ನಂಟೂ ಇದೆ. ಬಸವನಗುಡಿ, ಮಲ್ಲೇಶ್ವರಗಳ ಹಳೆಯ ಮನೆಗಳ ಮಾಡಿನ ಮೇಲಿರುವ ಮಂಗಳೂರು ಹಂಚಿನ ಉದ್ಯಮ, ಬಾಸೆಲ್ ಮಿಷನ್ 1865ರಲ್ಲಿ ಈ ಊರಿನಲ್ಲಿ ತೆರೆದ ಕಾರ್ಖಾನೆಯಿಂದಲೇ ಆರಂಭವಾದದ್ದು. ಅದೇ ಮಿಷನ್ನಿನ ಹರ್ಮನ್ ಮೊಗ್ಲಿಂಗ್ 1843ರಲ್ಲಿ ಇಲ್ಲಿಂದಲೇ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು ಹೊರತಂದರು. ದೇವಾಲಯಗಳನ್ನು ಮಾತ್ರ ಬೆಳಿಗ್ಗೆಯೇ ನೋಡಬೇಕು. ಮಧ್ಯಾಹ್ನದ ಪೂಜೆಯ ನಂತರ ಬಾಗಿಲು ಹಾಕುವುದು ಕರಾವಳಿಯಲ್ಲಿ ಸಾಮಾನ್ಯ.

ಮಲ್ಪೆಯಾಚೆಯ ಸೇಂಟ್ ಮೇರೀಸ್ ದ್ವೀಪದ ಕಂಬದಾಕಾರದ ಶಿಲೆಗಳು, ಮಡಗಾಸ್ಕರ್ ಭಾರತದಿಂದ ಬೇರ್ಪಟ್ಟ ಕಾಲದ ಲಾವಾರಸದಿಂದಾದವು. ನೋಡಲೇಬೇಕಾದ ಸ್ಥಳ, ನಿಜ. ಆದರೆ ಅಲ್ಲಿಗೆ ದೋಣಿಯಲ್ಲಿ ಹೋಗಬೇಕು, ದೋಣಿಗೆ ಸರದಿ ಕಾಯಬೇಕು. ಹಿಂದಿರುಗುವ ವೇಳೆ ಪ್ರಯಾಣಿಕರ ಕೈಯಲ್ಲಿಲ್ಲ.

ಹಡಗಿನ ಸಂಸ್ಥೆಯೇ ಏರ್ಪಡಿಸುವ ಬಸ್ಸೋ, ಸ್ವಂತ ಬಾಡಿಗೆ ಕಾರೋ ಎಂಬುದು ಕೊನೆಯ ಪ್ರಶ್ನೆ. ಬಸ್ಸಿಗೆ ಹಣ ಹೆಚ್ಚು, ಅಂಗಡಿಗಳ ಮುಂದೆ ನಿಲುಗಡೆಯೂ ಹೆಚ್ಚು. ಆದರೆ ಅದು ತಡವಾದರೆ ಹಡಗು ಸಾಮಾನ್ಯವಾಗಿ ಕಾಯುತ್ತದೆ. ಕಾರಿನಲ್ಲಿ ಹೋದವರಿಗೆ ಈ ಭರವಸೆ ಇಲ್ಲ. ಮುಂದಿನ ಬಂದರು ಕೊಚ್ಚಿಯಾಗಿದ್ದರೆ ಸುಮಾರು 400 ಕಿ.ಮೀ. ದೂರವನ್ನು ಸ್ವಂತ ಖರ್ಚಿನಲ್ಲಿ ಕ್ರಮಿಸಿ ಹಡಗನ್ನು ಹಿಡಿಯಬೇಕು. ಪಾಸ್‌ಪೋರ್ಟಿನ ಪ್ರತಿ, ಎರಡು ದಿನಕ್ಕಾಗುವ ಮಾತ್ರೆಗಳು ಮತ್ತು ಹಡಗಿನ ಸ್ಥಳೀಯ ಏಜೆಂಟರ ದೂರವಾಣಿ ಸಂಖ್ಯೆ ಕೈಚೀಲದಲ್ಲಿರಬೇಕು. ಕೈಗಡಿಯಾರವನ್ನು ಊರಿನ ವೇಳೆಗಲ್ಲ, ಹಡಗಿನ ವೇಳೆಗೆ ಹೊಂದಿಸಿಕೊಂಡೇ ಇಳಿಯಬೇಕು; ಎರಡೂ ಒಂದೇ ಆಗಿರಬೇಕೆಂದಿಲ್ಲ.